ನಾನು ತಿರುಗಿ ಕಳಿಸಿದ ರಕ್ತ

ಸ್ಯಾಂಪಲ್ ಬಂದಾಗ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಎರಡು ಸಣ್ಣ ಟ್ಯೂಬು, ಒಂದೊಂದರಲ್ಲಿ ಅರ್ಧ ಮಿಲಿಗಿಂತ ತುಸು ಹೆಚ್ಚು ರಕ್ತ. ಮೇಲಿನ ಚೀಟಿಯಲ್ಲಿ ಕೂಸಿಗೆ ಹೆಸರಿರಲಿಲ್ಲ. ತಾಯಿಯ ಹೆಸರು, ಅದರ ಮುಂದೆ ‘ಗಂಡು ಕೂಸು’, ವಯಸ್ಸು ಏಳು ವಾರ, ಊರು ಅಕ್ಕೋಳ. ಚಿಕ್ಕೋಡಿಯ ಈ ಮಕ್ಕಳ ಆಸ್ಪತ್ರೆಯ ಲ್ಯಾಬನ್ನು ನಾನು ನೋಡಿಕೊಳ್ಳುತ್ತೇನೆ. ಚೀಟಿಯಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಟ್ಯೂಬನ್ನು ವಾರ್ಡಿಗೆ ವಾಪಸ್ ಕಳಿಸುವವಳು ಎಂದು ನನಗೆ ಹೆಸರಿದೆ. ಆ ಚೀಟಿಯಲ್ಲಿ ತಪ್ಪಿರಲಿಲ್ಲ. ರಕ್ತದ ಸಕ್ಕರೆ ಮಾತ್ರ ನಾನೂರು ದಾಟಿತ್ತು.

ಏಳು ವಾರದ ಕೂಸಿನ ರಕ್ತದಲ್ಲಿ ಅಷ್ಟು ಸಕ್ಕರೆ ಇರುವುದಿಲ್ಲ. ಇಂಥ ಅಂಕಿ ಬಂದಾಗ ಲ್ಯಾಬಿನವರಿಗೆ ಮೊದಲು ಅನುಮಾನ ಬರುವುದು ಗ್ಲೂಕೋಸ್ ಡ್ರಿಪ್ ಮೇಲೆ. ಡ್ರಿಪ್ ಹಚ್ಚಿದ ಕೈಯಿಂದಲೇ ರಕ್ತ ತೆಗೆದಿದ್ದರೆ ಅದು ಬೆರೆತು ಸುಳ್ಳು ಅಂಕಿ ತೋರಿಸುತ್ತದೆ. ಅಳತೆ ಮೊದಲೇ ಗೊತ್ತಿರುವ ದ್ರವವನ್ನು ಯಂತ್ರಕ್ಕೆ ಹಾಕಿ ಪರೀಕ್ಷಿಸಿದೆ. ಯಂತ್ರ ಸರಿ ಇತ್ತು. ವಾರ್ಡಿಗೆ ಫೋನ್ ಮಾಡಿ ಸಿಸ್ಟರನ್ನು ಕೇಳಿದೆ.

“ಡ್ರಿಪ್ ಯಾವ ಕೈಗೈತಿ?”

“ಎಡಗೈಗ್ರಿ. ರಕ್ತ ಬಲಗಾಲಿಂದ ತಗದೇನಿ. ನಿಮ್ಮ ಕೈಯಾಗ ಬೈಸ್ಕೊಂಡ ಮ್ಯಾಲೆ ಆ ತಪ್ಪ ಯಾರ ಮಾಡ್ತಾರ್ರಿ ಬಾಯಾರ?”

ನಾನೇ ಮೇಲೆ ಹೋದೆ. ಕೂಸಿನ ಹಿಮ್ಮಡಿ ಚುಚ್ಚಿ, ಸಕ್ಕರೆ ನೋಡುವ ಪಟ್ಟಿಯ ಮೇಲೆ ಒಂದು ಹನಿ ಹಾಕಿದೆ. ಅಲ್ಲಿಯೂ ಅದೇ. ಕೂಸಿನ ಕೆನ್ನೆ, ಮೊಣಕೈ, ತೊಡೆ ಎಲ್ಲ ಕಡೆ ಚರ್ಮ ಕೆಂಪಾಗಿ ಹೊಪ್ಪಳೆ ಏಳುತ್ತಿತ್ತು. ಹೊಟ್ಟೆ ಒಳಗೆ ಹೋಗಿತ್ತು. ಹಾಲು ನಿಲ್ಲಿಸಿ ಬರೀ ಡ್ರಿಪ್ ಮೇಲೆ ಇಟ್ಟಿದ್ದರೂ ಭೇದಿ ನಿಂತಿರಲಿಲ್ಲ. ತಾಯಿ ಮಂಚದ ಪಕ್ಕದಲ್ಲಿ ಅರಿವೆ ಮಡಚುತ್ತ ನಿಂತಿದ್ದಳು. ಅವಳ ಅತ್ತೆ ಕುರ್ಚಿಯಲ್ಲಿ ಕೂತಿದ್ದಳು. ಲ್ಯಾಬಿಗೆ ಮರಳಿ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅಲರ್ಜಿಯಲ್ಲಿ ಏರುವ ಕೆಂಪು ಕಾಳಿನ ಬಿಳಿಕೋಶಗಳು ಎಲ್ಲಿ ನೋಡಿದರಲ್ಲಿ. ಎಣಿಸಿದೆ. ಇನ್ನೊಂದು ಸ್ಲೈಡ್ ಮಾಡಿ ಮತ್ತೆ ಎಣಿಸಿದೆ. ರಿಪೋರ್ಟನ್ನು ಕೈಯಲ್ಲಿ ಹಿಡಿದು ಡಾಕ್ಟರ ಕೋಣೆಗೆ ಹೋದೆ.

ನಮ್ಮ ಮಕ್ಕಳ ಡಾಕ್ಟರು ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಎಂದೂ ಅವಸರ ಮಾಡುವವರಲ್ಲ. ಕಾಗದವನ್ನು ಎರಡು ಸಲ ಓದಿ, ಅದನ್ನೇ ಹಿಂದೆ ತಿರುಗಿಸಿ ಒಂದು ಚಿತ್ರ ಬರೆದರು.

ಅವರು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೈ ಕಾಯುವ ಟಿ ಕೋಶಗಳಲ್ಲಿ ಕೆಲವು ಹುಟ್ಟುವಾಗಲೇ ದಾರಿ ತಪ್ಪಿರುತ್ತವೆ. ಹೊರಗಿನ ರೋಗಾಣುವನ್ನು ಬಿಟ್ಟು ನಮ್ಮದೇ ಕರುಳು, ನಮ್ಮದೇ ಚರ್ಮ, ಇನ್ಸುಲಿನ್ ಮಾಡುವ ನಮ್ಮದೇ ಕೋಶಗಳನ್ನು ವೈರಿ ಎಂದು ಹಿಡಿಯುತ್ತವೆ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿ ಅಂಥವನ್ನು ಬಹುಮಟ್ಟಿಗೆ ಅಲ್ಲೇ ಮುಗಿಸುತ್ತದೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ. ಅವು ಎಲ್ಲರ ಮೈಯಲ್ಲೂ ಇವೆ, ಇದನ್ನು ಓದುತ್ತಿರುವವರ ಮೈಯಲ್ಲೂ ಇವೆ. ನಾವು ಬದುಕಿರುವುದು ಟಿ ಕೋಶಗಳಲ್ಲೇ ಇನ್ನೊಂದು ಬಗೆ ಇರುವುದರಿಂದ. ಅವು ನಿಯಂತ್ರಕ ಟಿ ಕೋಶಗಳು. ಕೊಲ್ಲುವುದು ಅವುಗಳ ಕೆಲಸವಲ್ಲ. ಕೊಲ್ಲಲು ಹೊರಟ ಕೋಶಗಳು ಬೆಳೆಯಲು ಬೇಕಾದ ಪೋಷಕ ದ್ರವ್ಯವನ್ನು ಇವು ಹೀರಿಕೊಂಡು ಅವಕ್ಕೆ ಉಪವಾಸ ಹಾಕುತ್ತವೆ, ಇನ್ನು ಸಾಕು ಎಂಬ ಸಂಕೇತ ಕಳಿಸುತ್ತವೆ. ಇವು ಹೀಗೆ ತಡೆಯುವುದನ್ನು ಕಲಿಯಲು ಫಾಕ್ಸ್‌ಪಿ3 ಎಂಬ ಒಂದು ಜೀನ್ ಸರಿ ಇರಬೇಕು. ಅದು ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ, ಅವಳಿಗೆ ಗೊತ್ತೂ ಆಗುವುದಿಲ್ಲ. ಗಂಡಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು.

“ಈ ಕೂಸಿಗೆ ಶಕ್ತಿ ಕಡಿಮಿ ಆಗಿ ಜಡ್ಡ ಬಂದಿಲ್ರಿ ಬಾಯಾರ” ಎಂದರು ಡಾಕ್ಟರು. “ಶಕ್ತಿ ಬೇಕಾದಷ್ಟೈತಿ. ಹಿಡಿಯಾವ್ರಿಲ್ಲ.”

“ಹಂಗಾದ್ರ ಔಷಧ?”

“ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ ಐತಿ. ಆದ್ರ ಇದು ನನ್ನ ಅನುಮಾನ ಅಷ್ಟ. ಬರೇ ಸೋಂಕಿದ್ದು, ನಾ ಆ ಔಷಧ ಕೊಟ್ಟೆ ಅಂತ ತಿಳೀರಿ. ನಾನ ಕೂಸಿನ ಕೈ ಬಿಟ್ಟಂಗ ಆತು.”

ಆ ಕಾಯಿಲೆ ತೀರ ಅಪರೂಪದ್ದು. ಇದೇ ತಾಯಿಗೆ ಮೊದಲೊಂದು ಗಂಡು ಕೂಸು ಹೀಗೇ ಹೋಗಿದ್ದರೆ ಅನುಮಾನ ಬಲವಾಗುತ್ತಿತ್ತು. ಡಾಕ್ಟರು ವಾರ್ಡಿಗೆ ಹೋಗಿ ಕೇಳಿದರು. ನಾನೂ ಜೊತೆಗಿದ್ದೆ. ಉತ್ತರ ಕೊಟ್ಟವಳು ಅತ್ತೆ.

“ಇಲ್ರಿ ಸಾಹೇಬ್ರ. ಇವನ ಮೊದಲನೇ ಗಂಡು. ಇವನ ಮ್ಯಾಲೆ ಒಂದು ಹೆಣ್ಣೈತಿ, ಕುದರಿ ಹಂಗ ಓಡ್ಯಾಡತೈತಿ.”

ತಾಯಿ ಅರಿವೆ ಮಡಚುತ್ತಲೇ ಇದ್ದಳು. ಅವಳ ಕಡೆ ತಿರುಗಿ ಇನ್ನೊಮ್ಮೆ ಕೇಳಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಕಾಣುವ ನನ್ನ ಕಣ್ಣಿಗೆ ಅದು ಕಾಣಲಿಲ್ಲ.

ಹೀಗಾಗಿ ರಕ್ತವನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿ ನಿಯಂತ್ರಕ ಕೋಶಗಳನ್ನೇ ಎಣಿಸಬೇಕಾಯಿತು. ಜೀನ್ ಪರೀಕ್ಷೆಯೂ ಇತ್ತು, ಅದಕ್ಕೆ ವಾರಗಟ್ಟಲೆ ಬೇಕು. ಕೋಶಗಳ ಎಣಿಕೆ ಎರಡು ದಿನದ ಕೆಲಸ. ಅದಕ್ಕೆ ಕೋಶಗಳು ಜೀವಂತ ತಲುಪಬೇಕು, ಮರುದಿನವೇ ತಲುಪಬೇಕು, ಮತ್ತು ರಕ್ತವನ್ನು ಥಂಡಿಯಲ್ಲಿ ಇಡಬಾರದು. ಈ ಕೊನೆಯ ನಿಯಮವನ್ನು ಡಬ್ಬಿಯ ನಾಲ್ಕೂ ಕಡೆ ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು ಅಂಟಿಸಿದೆ. ಹನ್ನೆರಡರ ಬಸ್ಸಿಗೆ ನಿಪ್ಪಾಣಿಗೆ ಹೋಗಿ, ಹೆದ್ದಾರಿಯ ಪಕ್ಕದ ಕೊರಿಯರ್ ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಂಡು ಬಂದೆ.

ಮರುದಿನ ಮಧ್ಯಾಹ್ನ ಪ್ರಯೋಗಾಲಯದಿಂದ ಫೋನ್ ಬಂತು. ಡಬ್ಬಿಯಲ್ಲಿ ಬರ್ಫದ, ಅಂದರೆ ಮಂಜುಗಡ್ಡೆಯ, ಪ್ಯಾಕೆಟ್ ಇವೆ, ರಕ್ತ ಒಡೆದಿದೆ, ಪರೀಕ್ಷೆ ಆಗುವುದಿಲ್ಲ, ಹೊಸ ಸ್ಯಾಂಪಲ್ ಕಳಿಸಿ.

ನಿಪ್ಪಾಣಿಗೆ ಫೋನ್ ಹಚ್ಚಿದೆ. ಅಲ್ಲಿಯ ಗುಮಾಸ್ತನಿಗೆ ನನ್ನ ದನಿಯಿಂದಲೇ ಗುರುತು ಹತ್ತಿತು.

“ಕಾಯ್ ಝಾಲಾ, ಏನಾತ್ರಿ ಬಾಯಾರ? ಮುಟ್ತಲ್ರಿ ಡಬ್ಬಿ?”

“ಬರ್ಫ್ ಯಾರ ಹಾಕಿದ್ರು?”

“ನಾನ ಹಾಕಿದ್ನಿ. ನೀವು ಮರ್ತ ಕೊಟ್ಟೀರಿ ಅಂತ. ಚಿಕ್ಕೋಡಿ ಬಾಯಾರ ಡಬ್ಬಿ ಬರ್ಫ್ ಇಲ್ಲದ ಹೋದ್ರ ನಮ್ಮ ಮರ್ಯಾದಿ ಉಳಿಯೂದಿಲ್ಲ ಅಂತ ನಮಗೆಲ್ಲಾರ್ಗೂ ಗೊತ್ತೈತಿ.”

“ಡಬ್ಬಿ ಮ್ಯಾಲೆ ಮೂರು ಭಾಷಾದಾಗ ಬರದಿದ್ದೆ.”

“ಓದೂದ ಯಾಕ್ರಿ ಬಾಯಾರ? ನಿಮ್ಮ ಡಬ್ಬಿ ಅಂದ್ರ ಕೈ ತಾನ ಹೋಗತೈತಿ ಬರ್ಫಿಗೆ. ನೀವ ಬೈದು ಬೈದು ಕಲಿಸಿದ್ದು.”

ನಿಜ. ಹಿಂದೆ ಬರ್ಫ ಕರಗಿದ ಡಬ್ಬಿ ಹೋಯಿತೆಂದು ನಾನು ಆ ಕಚೇರಿಯಲ್ಲಿ ಹತ್ತು ಜನರ ಮುಂದೆ ಅವನನ್ನು ಬೈದಿದ್ದೆ. ಅವನು ಪಾಠ ಕಲಿತಿದ್ದ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ನಾನು ಕಲಿಸಿರಲಿಲ್ಲ.

ಕೂಸಿನಿಂದ ಮತ್ತೆ ಅಷ್ಟೇ ರಕ್ತ ತೆಗೆಯಲು ಒಂದೆರಡು ದಿನ ತಡೆಯಬೇಕು ಎಂದರು ಡಾಕ್ಟರು. ಹಿಮೋಗ್ಲೋಬಿನ್ ಇಳಿಯುತ್ತಿತ್ತು. ಹೊರಗಿನ ರಕ್ತ ಏರಿಸಿದರೆ ಎಣಿಕೆ ಕೆಡುತ್ತದೆ, ಏರಿಸದಿದ್ದರೆ ಕೂಸು ತಾಳುವುದಿಲ್ಲ. ಆಂಟಿಬಯೋಟಿಕ್ ನಡೆದಿತ್ತು, ಇನ್ಸುಲಿನ್ ಹನಿಹನಿಯಾಗಿ ಹೋಗುತ್ತಿತ್ತು, ಭೇದಿ ಇದ್ದಷ್ಟೇ ಇತ್ತು. ಆ ದಿನಗಳಲ್ಲಿ ಪ್ರತಿ ಆರು ತಾಸಿಗೆ ನನ್ನ ಮೇಜಿನ ಮೇಲೆ ಬರುತ್ತಿದ್ದ ಅಂಕಿಗಳಲ್ಲಿ ಒಂದೂ ಒಳ್ಳೆಯ ಕಡೆ ಸರಿಯಲಿಲ್ಲ.

ಗುರುವಾರ ಬೆಳಿಗ್ಗೆ ಲ್ಯಾಬಿನ ಕಿಟಕಿಯಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ವಯಸ್ಸು ಐವತ್ತೈದಿರಬಹುದು. ತಲೆ ತುಂಬ ಸೆರಗು, ಕೈಯಲ್ಲಿ ಬುತ್ತಿಯ ಗಂಟು. ರಿಪೋರ್ಟು ಕೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

“ಗುರ್ತ ಸಿಗ್ತೇನ್ರಿ ಬಾಯಾರ?”

“ಇಲ್ಲವಾ. ಯಾವೂರಾಕಿ?”

“ಕೊಕಟನೂರ್ರಿ. ಮ್ಯಾಲೆ ಮಲಗೇತಲ್ಲ, ಅಕ್ಕೋಳದ ಕೂಸು, ಅದರ ತಾಯಿ ನನ್ನ ಮಗಳು. ನೀವು ಮೊದಲ ಅಥಣಿ ಕಡೆ ಲ್ಯಾಬಿನ್ಯಾಗ ಇದ್ರಿ. ನನ್ನ ಮೊದಲನೇ ಮೊಮ್ಮಗನ ರಕ್ತ ನೀವ ತಿರುಗಿ ಕಳಿಸಿದ್ರಿ.”

“ಯಾವ ಮೊಮ್ಮಗ? ಇವನ ಮೊದಲನೇ ಗಂಡು ಅಂತ ಹೇಳ್ಯಾರಲ್ಲ?”

“ತೊಟ್ಟಿಲಿಗೆ ಹಾಕಲಾರದ ಕೂಸು ಅಕ್ಕೋಳದವರ ಲೆಕ್ಕದಾಗ ಹುಟ್ಟೇ ಇಲ್ರಿ. ಅದಕ್ಕ ಜಡ್ಡಾಗಿತ್ತಂತ ತೊಟ್ಟಿಲಿಗೆ ಹಾಕೂದು ಮುಂದ ಹಾಕಿದ್ವಿ. ನಾಕು ವಾರಕ್ಕ ಹೋತು. ಹಿಂಗ ಮೈ ತುಂಬ ಕೆಂಪು, ಹಿಂಗ ಭೇದಿ.”

ನಾನು ಎದ್ದು ಬಾಗಿಲು ತೆಗೆದು ಅವಳನ್ನು ಒಳಗೆ ಕೂರಿಸಿದೆ. ಲ್ಯಾಬಿನೊಳಗೆ ಹೊರಗಿನವರನ್ನು ಬಿಟ್ಟದ್ದು ಅದೇ ಮೊದಲು.

ಅವಳು ಹೇಳಿದ್ದು ಇಷ್ಟು. ಮೊದಲ ಹೆರಿಗೆ ತವರಿನಲ್ಲಿ ಆಗಿತ್ತು. ಕೂಸಿನ ರಕ್ತ ನನ್ನ ಹಳೆಯ ಲ್ಯಾಬಿಗೆ ಬಂತು, ಸ್ಯಾಂಪಲ್ ಕೆಟ್ಟಿದೆ, ಮತ್ತೆ ತೆಗೆದು ಕಳಿಸಿ ಎಂದು ನಾನು ಬರೆದು ಕಳಿಸಿದೆ. ಮತ್ತೆ ತೆಗೆಯಲು ಕೂಸಿನಲ್ಲಿ ನರ ಸಿಗಲಿಲ್ಲ. ಮರುದಿನ ಕೂಸು ಹೋಯಿತು. ತವರಿನವರ ಅಸಡ್ಡೆಯಿಂದ ಗಂಡು ಕೂಸು ಹೋಯಿತು, ನೆಟ್ಟಗೆ ರಕ್ತ ತೆಗೆಸುವುದೂ ಅವರಿಗೆ ಬರಲಿಲ್ಲ ಎಂದು ಅಕ್ಕೋಳದವರು ಅಂದಿನಿಂದ ಮಗಳನ್ನು ಕೊಕಟನೂರಿಗೆ ಕಳಿಸಲಿಲ್ಲ. ಮುಂದಿನ ಎರಡು ಹೆರಿಗೆಯೂ ಗಂಡನ ಮನೆಯಲ್ಲೇ ಆದವು. ಈ ಸಲ ಕೂಸಿಗೆ ಜಡ್ಡು ಎಂಬ ಸುದ್ದಿಯನ್ನು ಯಾರೋ ಹಾಲಿನ ಗಾಡಿಯವರು ಮುಟ್ಟಿಸಿದ್ದರು.

“ಮಗಳ ಹೆಸರೇನವಾ?”

ಅವಳು ಹೇಳಿದ ಹೆಸರು ನಮ್ಮ ಚೀಟಿಯಲ್ಲಿದ್ದುದಲ್ಲ. ನಮ್ಮ ಗಡಿ ಭಾಗದ ಮನೆಗಳಲ್ಲಿ ಲಗ್ನದಲ್ಲಿ ಮದುಮಗಳಿಗೆ ಹೊಸ ಹೆಸರಿಡುತ್ತಾರೆ. ತವರಿನಲ್ಲಿ ಹಳೆಯ ಹೆಸರೇ ನಡೆಯುತ್ತದೆ. ಮೊದಲ ಹೆರಿಗೆಯ ಕಾಗದಗಳೆಲ್ಲ ಆ ಹೆಸರಿನವು.

ಊಟದ ಹೊತ್ತಿಗೆ ಮನೆಗೆ ಹೋದೆ. ಕೆಲಸ ಮಾಡಿದ ಕಡೆಯಲ್ಲೆಲ್ಲ ನಾನು ತಿರುಗಿ ಕಳಿಸಿದ ಸ್ಯಾಂಪಲ್‌ಗಳನ್ನು ಕಾರಣ ಸಮೇತ ನನ್ನದೇ ನೋಟುಬುಕ್ಕಿನಲ್ಲಿ ಬರೆದಿಡುವ ರೂಢಿ ನನಗಿದೆ. ಯಾರಾದರೂ ತಕರಾರು ಮಾಡಿದರೆ ತೋರಿಸಲು ಇರಲಿ ಎಂದು. ಆ ಪುಟ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ಹೆಸರು, ‘ಗಂಡು ಕೂಸು’, ಕೊಕಟನೂರು. ಸಕ್ಕರೆ ನಾನೂರರ ಮೇಲೆ. ಕಾರಣದ ಜಾಗದಲ್ಲಿ ನನ್ನ ದುಂಡು ಅಕ್ಷರ: ‘ಡ್ರಿಪ್ ಬೆರೆತಿದೆ. ಮತ್ತೆ ತೆಗೆದು ಕಳಿಸಿ.’ ಅದರ ಮುಂದಿನ ಸಾಲಿನಲ್ಲೇ ಅದೇ ಟ್ಯೂಬಿನ ಹಿಮೋಗ್ಲೋಬಿನ್: ಹದಿನಾಲ್ಕೂವರೆ.

ಲ್ಯಾಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸಕ್ಕರೆಯನ್ನು ಅಷ್ಟು ಏರಿಸುವಷ್ಟು ಡ್ರಿಪ್ ಬೆರೆತಿದ್ದರೆ ರಕ್ತ ನೀರಾಗಿರುತ್ತದೆ, ಹಿಮೋಗ್ಲೋಬಿನ್ ಇಳಿದಿರಬೇಕಿತ್ತು. ಇಳಿದಿರಲಿಲ್ಲ. ರಕ್ತ ಸರಿಯಾಗಿಯೇ ಇತ್ತು. ಅಂಕಿಯೂ ನಿಜವಾಗಿತ್ತು.

ಊಟ ಮಾಡಲಿಲ್ಲ. ನೋಟುಬುಕ್ಕನ್ನು ಮುಂದಿಟ್ಟುಕೊಂಡು ಕೂತು ಲೆಕ್ಕ ಹಾಕಿದೆ. ಹೊಸ ಸ್ಯಾಂಪಲ್ ಇನ್ನೆರಡು ದಿನದಲ್ಲಿ ಹೋಗುತ್ತದೆ, ಆಮೇಲೆ ಎರಡು ದಿನಕ್ಕೆ ಫಲಿತಾಂಶ ಬರುತ್ತದೆ. ಸುಮ್ಮನಿದ್ದರೂ ಸತ್ಯ ತಾನಾಗಿಯೇ ಹೊರಬೀಳುತ್ತದೆ, ನನ್ನ ಹೆಸರು ಬರುವುದಿಲ್ಲ. ಬೇಕಾದರೆ ಕೊಕಟನೂರಿನ ಅಜ್ಜಿಯೇ ಡಾಕ್ಟರಿಗೆ ಹೇಳಲಿ. ಅಳಿಯನ ಮನೆಯವರು ಅವಳ ಮಾತನ್ನು ಅಲ್ಲಗಳೆಯುತ್ತಾರೆ, ಡಾಕ್ಟರ ಕೈಯಲ್ಲಿ ಕಾಗದ ಇರುವುದಿಲ್ಲ, ಅವರು ಫಲಿತಾಂಶಕ್ಕಾಗಿ ಕಾಯುತ್ತಾರೆ. ನಾಲ್ಕು ದಿನ. ಬೆಳಗಿನ ಅಂಕಿಗಳನ್ನು ನೋಡಿದ್ದ ನನಗೆ ಆ ನಾಲ್ಕು ದಿನ ಕೂಸಿಗೆ ಇಲ್ಲವೆಂದು ಗೊತ್ತಿತ್ತು.

ಎರಡೂವರೆಗೆ ಡಾಕ್ಟರ ಮೇಜಿನ ಮೇಲೆ ಆ ಪುಟ ತೆರೆದಿಟ್ಟೆ. ಅವರು ಓದಿದರು. ಬೆರಳು ಹಿಮೋಗ್ಲೋಬಿನ್ ಮೇಲೆ ನಿಂತಿತು.

“ಇದನ್ನ ಅವತ್ತ ನೋಡಿದ್ರೇನ್ರಿ ಬಾಯಾರ?”

“ನೋಡಿದ್ದೆ. ಬರದೂ ಬರದೇನಿ. ಓದಿದ್ದಿಲ್ಲ.”

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಫೋನ್ ತೆಗೆದುಕೊಂಡು ದೊಡ್ಡ ಊರಿನ ತಜ್ಞರೊಡನೆ ಇಪ್ಪತ್ತು ನಿಮಿಷ ಮಾತಾಡಿದರು. ಇಟ್ಟಮೇಲೆ ಹೇಳಿದರು: “ಅಣ್ಣನ ಕಾಗದ ಸಿಕ್ಕ ಮ್ಯಾಲೆ ಕಾಯೂದು ಬ್ಯಾಡ ಅಂದ್ರು. ಮೊದಲ ಸ್ಯಾಂಪಲ್ ತಗೀರಿ. ಅದರ ಹಿಂದ ಔಷಧ, ಆಮ್ಯಾಲೆ ರಕ್ತ ಏರಸ್ತೇನಿ. ಎಲ್ಲಾ ಇವತ್ತ.”

ರಕ್ತವನ್ನು ನಾನೇ ತೆಗೆದೆ. ಬಲಗಾಲಿನ ಮೇಲ್ಭಾಗದಲ್ಲಿ ಕೂದಲಿನಂಥ ಒಂದು ನರ ಉಳಿದಿತ್ತು. ತಾಯಿ ಪಾದವನ್ನು ಹಿಡಿದುಕೊಂಡಳು. ಒಂದೇ ಸಲಕ್ಕೆ ಬಂತು, ಒಂದು ಮಿಲಿ. ಟ್ಯೂಬನ್ನು ಅರಿವೆಯಲ್ಲಿ ಸುತ್ತಿ, ಬರ್ಫಿಲ್ಲದ ಡಬ್ಬಿಯಲ್ಲಿಟ್ಟು, ನಿಪ್ಪಾಣಿಯವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಗುಮಾಸ್ತನ ಎದುರು ಕುರ್ಚಿ ಹಾಕಿಕೊಂಡು, ಡಬ್ಬಿ ಗಾಡಿ ಏರುವವರೆಗೂ ಕೂತೆ. ಅವನೂ ಆ ದಿನ ಚೇಷ್ಟೆ ಮಾಡಲಿಲ್ಲ.

ಫಲಿತಾಂಶ ಶನಿವಾರ ಬಂತು. ನಿಯಂತ್ರಕ ಕೋಶಗಳ ಜಾಗದಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಆ ಹೊತ್ತಿಗೆ ಔಷಧ ಶುರುವಾಗಿ ಎರಡು ದಿನವಾಗಿತ್ತು. ಹತ್ತು ದಿನಕ್ಕೆ ಭೇದಿ ಅರ್ಧವಾಯಿತು, ಚರ್ಮದ ಕೆಂಪು ತಗ್ಗಿತು, ಕೂಸು ಮೊದಲ ಸಲ ಗಟ್ಟಿಯಾಗಿ ಅತ್ತಿತು. ಇನ್ಸುಲಿನ್ ನಿಲ್ಲಿಸುವಂತಿರಲಿಲ್ಲ, ಸತ್ತ ಕೋಶಗಳು ಮರಳುವುದಿಲ್ಲ. ಪೂರ್ತಿ ಗುಣವಾಗಬೇಕಾದರೆ ಹೊಂದುವ ಯಾರದಾದರೂ ಅಸ್ಥಿಮಜ್ಜೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಹಾಕಿಸಬೇಕು. ಅಲ್ಲಿಯವರೆಗೆ ಈ ಔಷಧದ ಮೇಲೆಯೇ ಕೂಸು ತೂಕ ಹಿಡಿಯಬೇಕು.

ಬಿಡುಗಡೆಯ ದಿನ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು ತಿಳಿಸಿದರು. ಪರೀಕ್ಷೆಯ ಮಾತು ಬಂದಾಗ ನಾನು ಹೇಳಬೇಕೆಂದು ಕರೆದಿದ್ದರು. ಮೊದಲ ಕೂಸಿನ ರಕ್ತ ಕೆಟ್ಟಿರಲಿಲ್ಲ, ಕೊಕಟನೂರಿನವರದು ತಪ್ಪಿಲ್ಲ, ತಿರುಗಿ ಕಳಿಸಿದವಳು ನಾನು ಎಂದು ಅವರೆಲ್ಲರ ಮುಂದೆ ಹೇಳಿದೆ. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳ ಕಿವಿ ಜೀನಿನ ಮಾತಿನ ಮೇಲಿತ್ತು.

“ಅಂದ್ರ ಇದು ಈಕಿ ಕಡೆಯಿಂದ ಬಂದೈತಿ.”

“ಬಂದೈತಿ ಖರೇ, ತಪ್ಪ ಅಕಿದಲ್ರಿ” ಎಂದರು ಡಾಕ್ಟರು. “ಅಕಿಗೂ ಯಾರೋ ಕೊಟ್ಟದ್ದು. ನಿಮ್ಮ ಕಣ್ಣಿನ ಬಣ್ಣ ನೀವ ಆರಿಸ್ಕೊಂಡೀರೇನು?”

“ನನ್ನ ಕಣ್ಣಿಗೆ ಕೂಸು ಸಾಯೂದಿಲ್ಲಲ್ರಿ ಸಾಹೇಬ್ರ.”

ಕೂಸಿನ ತಂದೆ ಕಿಟಕಿಯ ಹೊರಗೆ ನೋಡುತ್ತಿದ್ದ. ವಾರದೊಳಗೆ ತಾಯಿ ಮತ್ತು ಕೂಸು ಕೊಕಟನೂರಿನಲ್ಲಿದ್ದರು. ಐದು ವರ್ಷದ ಹೆಣ್ಣುಮಗುವನ್ನು ಅಕ್ಕೋಳದಲ್ಲೇ ಇಟ್ಟುಕೊಂಡಿದ್ದರು.

ಆ ಔಷಧದ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಎಂದು ತಿಂಗಳಿಗೊಮ್ಮೆ ನೋಡಬೇಕು. ಕಡಿಮೆಯಾದರೆ ರೋಗ ಮರುಕಳಿಸುತ್ತದೆ, ಹೆಚ್ಚಾದರೆ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಆ ದಿನದ ಔಷಧ ಕೊಡುವ ಮುಂಚೆ ರಕ್ತ ತೆಗೆಯಬೇಕಾದ್ದರಿಂದ ತಾಯಿ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದಳು. ಮೊದಲ ತಿಂಗಳು ಅವಳು ಬಂದಾಗ, ಆಗಿದ್ದಕ್ಕೆ ಏನನ್ನಬೇಕೋ ಗೊತ್ತಾಗುತ್ತಿಲ್ಲ ಎಂದೆ. ಅವಳು ನನ್ನ ಜೊತೆ ಮಾತಾಡಿದ್ದೇ ಕಡಿಮೆ. ಅಂದು ಮಾತಾಡಿದಳು.

“ಮೊದಲ ನಮ್ಮವ್ವನ ಮನಿ ತಪ್ಪ ಅಂತಿದ್ರು. ಈಗ ನನ್ನ ರಕ್ತದ ತಪ್ಪ ಅಂತಾರ. ನಿಮ್ಮ ಪರೀಕ್ಷಾದಿಂದ ಅಷ್ಟ ಬದಲಾತ್ರಿ ಬಾಯಾರ. ಸೂಜಿ ಹಾಕ್ರಿ, ಬಸ್ಸಿಗೆ ಹೊತ್ತಾಗತೈತಿ.”

ಸೂಜಿ ಹಾಕಿದೆ. ಆ ತಿಂಗಳ ಅಂಕಿ ಸರಿ ಬಂತು.

ಎರಡನೆಯ ತಿಂಗಳ ಅಂಕಿ ಇರಬೇಕಾದುದರ ಅರ್ಧಕ್ಕಿಂತ ಕೆಳಗಿತ್ತು. ಹೊರಗಿನ ಪ್ರಯೋಗಾಲಯದಿಂದ ಬಂದ ಕಾಗದ. ಹಳೆಯ ನಾನಾಗಿದ್ದರೆ ಸ್ಯಾಂಪಲ್ ಎಲ್ಲೋ ಕೆಟ್ಟಿರಬೇಕು, ಮತ್ತೆ ಕಳಿಸಿ ಎಂದು ಬರೆಯುತ್ತಿದ್ದೆ. ಜೊತೆಗೆ ಬಂದ ಉಳಿದ ಅಂಕಿಗಳನ್ನು ಒಂದೊಂದಾಗಿ ಓದಿದೆ. ಸ್ಯಾಂಪಲ್ ಸರಿ ಇತ್ತು. ಕೂಸಿನ ಹೊಟ್ಟೆಗೆ ಹೋಗುತ್ತಿದ್ದ ಔಷಧವೇ ಕಡಿಮೆ ಇತ್ತು. ಫೋನ್ ಮಾಡಿದರೆ ಅಜ್ಜಿ ಎತ್ತಿಕೊಂಡು “ಬರದಷ್ಟ ಕೊಡಾಕತ್ತೇವ್ರಿ” ಎಂದು ಇಟ್ಟುಬಿಟ್ಟಳು. ಡಾಕ್ಟರಿಗೆ ತಿಳಿಸಿ, ಮರುದಿನಕ್ಕೆ ರಜೆ ಬರೆದುಕೊಟ್ಟು, ಬೆಳಗಿನ ಆರರ ಬಸ್ಸು ಹತ್ತಿದೆ. ದಿನವೂ ಹತ್ತು ಗಂಟೆಗೆ ಔಷಧ ಕೊಡುವುದು. ಅದಕ್ಕೆ ಮೊದಲು ಮುಟ್ಟಬೇಕಿತ್ತು. ರಾಯಬಾಗದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಅರ್ಧ ತಾಸು ತೆವಳಿತು. ಅಥಣಿಯಲ್ಲಿ ಇಳಿದು ಟಂಟಂ ಆಟೋ ಹಿಡಿದೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಹೋದೆ. ಅಜ್ಜಿ ಎಮ್ಮೆಗೆ ಮೇವು ಹಾಕಿ ಕೈ ತೊಳೆಯುತ್ತಿದ್ದಳು. ತಾಯಿ ಕಟ್ಟೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಚಹಾ ಬೇಡವೆಂದು ಮೊದಲೇ ಹೇಳಿ, ಔಷಧ ತರಲು ಹೇಳಿದೆ. ಬಾಟಲಿ ಬಂತು, ಎಷ್ಟು ಕೊಡಬೇಕೆಂದು ಡಾಕ್ಟರು ಗೆರೆ ಹಾಕಿಕೊಟ್ಟಿದ್ದ, ಸೂಜಿ ಇಲ್ಲದ ಸಿರಿಂಜೂ ಬಂತು. ಬಾಟಲಿಯಲ್ಲಿ ಇಷ್ಟು ಹೊತ್ತಿಗೆ ಉಳಿಯಬೇಕಾದುದಕ್ಕಿಂತ ಬಹಳ ಹೆಚ್ಚು ಉಳಿದಿತ್ತು.

“ಎಷ್ಟ ಕೊಡಾಕತ್ತೀರಿ?”

“ಗೆರಿ ಮಟ್ಟಾ ರಿ” ಎಂದಳು ತಾಯಿ, ಕೆಳಗೆ ನೋಡುತ್ತ.

“ಸುಳ್ಳ ಯಾಕ ಹೇಳ್ತಿಯಬೇ?” ಎಂದಳು ಅಜ್ಜಿ. “ನಾ ಹೇಳ್ತೇನ್ರಿ. ಗೆರಿ ಅರ್ಧ ಕೊಡಾಕತ್ತೇವಿ. ನಾನ ಕೊಡಸಾಕತ್ತೇನಿ.”

“ಯಾಕವಾ?”

“ಔಷಧ ಅಂಗಡಿಯಾಂವ ಚೀಟಿ ಓದಿ ಹೇಳಿದ, ಇದು ಶಕ್ತಿ ಇಳಸೂ ಔಷಧ ಅಂತ. ಕೊರೋನಾದಾಗ ಗಾಡಿ ಮ್ಯಾಲೆ ಭೋಂಗಾ ಕಟ್ಕೊಂಡು ಶಕ್ತಿ ಏರಿಸ್ಕೋರಿ, ಶಕ್ತಿ ಏರಿಸ್ಕೋರಿ ಅಂತ ಊರ ತುಂಬ ಒದರಿದವರು ನೀವ. ಈಗ ಬೊಗಸಿಯಷ್ಟು ಕೂಸಿಂದ ಇಳಸ್ರಿ ಅಂತೀರಿ. ನನ್ನ ಕೈ ಪೂರಾ ಏರೂದಿಲ್ರಿ.”

“ಇಳಸೂದಲ್ಲವಾ. ಇವನ ಮೈಯಾಗ ಹಿಡಿಯೂ ಕೋಶ ಇಲ್ಲ, ಅದಕ್ಕ ಬ್ಯಾರೆ ಕೋಶ ಇವನ್ನ ತಿನ್ನಾಕತ್ಯಾವ. ಎತ್ತಿಗೆ ಮೂಗುದಾರ ಹಾಕಿದಂಗ ಅಂತ ತಿಳಕೋ.”

“ಎತ್ತಿಗೆ ಹಾಕ್ತೇವ್ರಿ. ಹಾಲು ಕುಡಿಯೂ ಕರಕ್ಕ ಯಾರ ಹಾಕ್ತಾರ?”

ನನ್ನಲ್ಲಿ ಇನ್ನೂ ಮಾತುಗಳಿದ್ದವು. ಮೊನ್ನೆಯ ಅಂಕಿ, ಅದರ ಅರ್ಥ, ಅರ್ಧ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದೆಲ್ಲವನ್ನು ಬಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಕಾಗದ ತೆಗೆದು ಬೆರಳಿಟ್ಟು ತೋರಿಸತೊಡಗಿದೆ. ಅಜ್ಜಿ ಕಾಗದ ನೋಡಲಿಲ್ಲ.

“ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಅವತ್ತ ನಿಮ್ಮ ಕಾಗದದಾಗೂ ಅಕ್ಷರ ದುಂಡಗ ಇದ್ವು. ನೀವು ಸುಳ್ಳ ಅಂದದ್ದು ಖರೇ ಆತು. ಇವತ್ತ ಖರೇ ಅನ್ನಾಕತ್ತೀರಿ. ಇದ ಸುಳ್ಳ ಆಗಲಿಕ್ಕಿಲ್ಲ ಅಂತ ನಾ ಹೆಂಗ ನಂಬಲಿ?”

ಕಾಗದ ಮಡಚಿದೆ. ಆ ಪ್ರಶ್ನೆ ಕೇಳುವ ಹಕ್ಕು ಜಗತ್ತಿನಲ್ಲಿ ಯಾರಿಗಾದರೂ ಇದ್ದರೆ ಅವಳಿಗೆ ಇತ್ತು. ಸಿರಿಂಜನ್ನು ಬಾಟಲಿಗೆ ಹಚ್ಚಿ ಗೆರೆಯವರೆಗೆ ಎಳೆದು, ಗುಳ್ಳೆ ತೆಗೆದು, ಮುಂದೆ ಹಿಡಿದೆ. ಅಜ್ಜಿ ಕೈ ಚಾಚಲಿಲ್ಲ. ಹತ್ತು ಗಂಟೆ ಆಯಿತು. ನಾನು ಹಿಡಿದುಕೊಂಡೇ ಇದ್ದೆ.

ಸಿರಿಂಜನ್ನು ತೆಗೆದುಕೊಂಡವಳು ತಾಯಿ. ಕಟ್ಟೆಯ ಆಚೆ ಹಗ್ಗದ ಮೇಲೆ ಕೂಸಿನ ಅರಿವೆಗಳು ಸಾಲಾಗಿ ಒಣಗುತ್ತಿದ್ದವು, ಇನ್ನಷ್ಟು ಬಕೆಟ್ಟಿನಲ್ಲಿ ನೆನೆದಿದ್ದವು.

“ಅವ್ವಾ, ಎಂಟ ದಿನದಿಂದ ಭೇದಿ ಮತ್ತ ಹೆಚ್ಚ ಆಗೇತಿ. ಮುಂಜಾನಿಂದ ಐದ ಸಲ ಹೋಗ್ಯಾನ. ನಿನಗ ಹೇಳಿಲ್ಲ.”

ಅಜ್ಜಿ ಬಕೆಟ್ಟಿನ ಕಡೆ ನೋಡಿದಳು.

ತಾಯಿ ನನ್ನ ಕಡೆ ತಿರುಗಿದಳು. “ನಿಮ್ಮ ಮಾತಿಗೆ ಕೊಡಾಕತ್ತಿಲ್ರಿ ಬಾಯಾರ. ಪೂರಾ ಕೊಟ್ಟಾಗ ಎಷ್ಟ ಅರಿವಿ ಒಗೀತಿದ್ನಿ, ಅರ್ಧ ಕೊಟ್ಟಾಗ ಎಷ್ಟ ಒಗ್ಯಾಕತ್ತೇನಿ, ಅದು ನನ್ನ ಕೈಗೆ ಗೊತ್ತಾಗೇತಿ.”

ಅಜ್ಜಿ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು, ಗಲ್ಲ ಹಿಡಿದು ಬಾಯಿ ತೆರೆಸಿದಳು.